ಹಳೆ ಬಿಎಸ್‌ಎಗೆ ಜಾತಕ ಬರೆಸಬೇಕೇ? ಬರ್ಟನ್ನಿನ ಲೆಡ್ಜರ್ ಸೇವೆಯ ವಿಮರ್ಶೆ

ಹಳೆ ಬ್ರಿಟಿಷ್ ಬೈಕು ಮಾರಾಟಕ್ಕೆ ಬಂದಾಗಲೆಲ್ಲ ಅದರ ಬೆನ್ನಿಗೆ ಒಂದು ಕಥೆಯೂ ಬರುತ್ತದೆ. ಒಂದೋ ಅದು ಎರಡನೇ ಮಹಾಯುದ್ಧದ ಮಿಲಿಟರಿ ಡಿಸ್ಪೋಸಲ್ ಗಾಡಿ, ಇಲ್ಲವೇ ಯಾವುದೋ ಅರಮನೆಯಲ್ಲಿದ್ದದ್ದು. ಕಥೆ ಎಷ್ಟು ದೊಡ್ಡದೋ ಬೆಲೆಯೂ ಅಷ್ಟು. ಆ ಕಥೆಯನ್ನು ಕಾರ್ಖಾನೆಯ ಪುಸ್ತಕದೊಂದಿಗೆ ತಾಳೆ ನೋಡುವ ಅನುಕೂಲ ಇಂಗ್ಲೆಂಡಿನಲ್ಲಿದೆ. ಬರ್ಟನ್ ಅಪಾನ್ ಟ್ರೆಂಟ್ ಊರಿನಲ್ಲಿರುವ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್, ಅಂದರೆ ವಿಎಂಸಿಸಿ, 1946ರಲ್ಲಿ ಶುರುವಾದದ್ದು. ಬಿಎಸ್‌ಎ, ಟ್ರಯಂಫ್ ಮುಂತಾದ ಹಳೆಯ ಬ್ರಿಟಿಷ್ ಬೈಕ್ ಕಾರ್ಖಾನೆಗಳ ರವಾನೆ ಲೆಡ್ಜರುಗಳು ಅದರ ಗ್ರಂಥಾಲಯದಲ್ಲಿವೆ. ಶುಲ್ಕ ಕಟ್ಟಿ ಎಂಜಿನ್ ನಂಬರು, ಫ್ರೇಮ್ ನಂಬರು ಕಳಿಸಿದರೆ ಲೆಡ್ಜರಿನಲ್ಲಿ ಆ ಸಾಲನ್ನು ಹುಡುಕಿ, ಅಲ್ಲಿ ಬರೆದದ್ದನ್ನು ಎತ್ತಿ ಕೊಡುತ್ತಾರೆ.

ಸೇವೆ ಒಳ್ಳೆಯದು, ದುಡ್ಡಿಗೆ ಮೋಸವಿಲ್ಲ. ಆದರೆ ನಮ್ಮಲ್ಲಿ ಇದನ್ನು ತರಿಸಿಕೊಳ್ಳುವವರು ನಿರೀಕ್ಷಿಸುವುದು ಒಂದು, ಅದು ಕೊಡುವುದು ಇನ್ನೊಂದು. ಈ ನಂಬರಿನ ಬೈಕು ಇಂಥ ದಿನ ಕಾರ್ಖಾನೆ ಬಿಟ್ಟಿತು ಎಂದು ಲೆಡ್ಜರು ಹೇಳುತ್ತದೆ. ನಿಮ್ಮ ಶೆಡ್ಡಿನಲ್ಲಿ ನಿಂತಿರುವುದು ಅದೇ ಬೈಕೋ ಅಲ್ಲವೋ ಎಂಬುದನ್ನು ಹೇಳುವುದು ಶೆಡ್ಡಿನಲ್ಲಿರುವ ಕಬ್ಬಿಣವೇ.

ಮೊದಲು ಕಾಗದದಲ್ಲಿ ಏನಿರುತ್ತದೆ ನೋಡೋಣ. ಮಾಡೆಲು, ಎಂಜಿನ್ ನಂಬರು, ಫ್ರೇಮ್ ನಂಬರು, ರವಾನೆಯಾದ ತಾರೀಕು, ಯಾವ ಡೀಲರಿಗೆ ಅಥವಾ ಯಾವ ದೇಶದ ಏಜೆಂಟನಿಗೆ ಹೋಯಿತು ಎಂಬುದು. ಕೆಲವು ಸಾಲುಗಳಲ್ಲಿ ಇಷ್ಟೂ ಇರುತ್ತದೆ, ಕೆಲವದರಲ್ಲಿ ಅರ್ಧ. ಕೊನೆಗೆ ಕೊಂಡವನ ಹೆಸರನ್ನು ಮಾತ್ರ ಇಲ್ಲಿ ಹುಡುಕಬೇಡಿ. ಕಾರ್ಖಾನೆ ಮಾರುತ್ತಿದ್ದದ್ದು ಡೀಲರಿಗೆ, ಗಿರಾಕಿಗೆ ಮಾರುತ್ತಿದ್ದವನು ಡೀಲರು. ಹಾಗಾಗಿ ಅರಮನೆಯ ಕಥೆಯನ್ನು ಈ ಕಾಗದ ಹೌದೆಂದೂ ಅನ್ನುವುದಿಲ್ಲ, ಅಲ್ಲವೆಂದೂ ಅನ್ನುವುದಿಲ್ಲ. ಅದು ಬೇಕಿದ್ದರೆ ಹಳೆಯ ನೋಂದಣಿ ಪುಸ್ತಕದಲ್ಲಿ ಮೊದಲ ಮಾಲೀಕನ ಹೆಸರು ಹುಡುಕಬೇಕು.

ಯುದ್ಧಕಾಲದ ಗಾಡಿಯಾದರೆ ಊರಿನ ಹೆಸರಿಗಿಂತ ಸರ್ಕಾರಿ ಕಂಟ್ರಾಕ್ಟ್ ನಂಬರು ಮುಖ್ಯ. ಒಂದೊಂದು ಕಂಟ್ರಾಕ್ಟಿಗೂ ಇಷ್ಟರಿಂದ ಇಷ್ಟರವರೆಗೆ ಎಂಬ ಫ್ರೇಮ್ ನಂಬರುಗಳ ಸಾಲು, ಅದಕ್ಕೆ ಹೊಂದುವ ಸೇನೆಯ ಗಣತಿ ನಂಬರುಗಳ ಸಾಲು ಇರುತ್ತಿದ್ದವು. ಬ್ರಿಟಿಷ್ ಸೇನೆಯಲ್ಲಿ ಮೋಟಾರ್ ಸೈಕಲ್ಲಿನ ಗಣತಿ ನಂಬರು ಶುರುವಾಗುತ್ತಿದ್ದದ್ದು ಸಿ ಅಕ್ಷರದಿಂದ, ಬರೆಯುತ್ತಿದ್ದದ್ದು ಟ್ಯಾಂಕಿನ ಮೇಲೆ. ರವಾನೆ ಕಾಲಮ್ಮಿನಲ್ಲಿ ನಾಟಿಂಗ್‌ಹ್ಯಾಮ್ ಬಳಿಯ ಚಿಲ್‌ವೆಲ್‌ನಂಥ ಸೇನಾ ಡಿಪೋದ ಹೆಸರು ಬಂದರೆ ನಿರಾಸೆ ಬೇಡ. ಅಲ್ಲಿಂದ ಮುಂದೆ ಬಾಂಬೆಗೋ ಕರಾಚಿಗೋ ಹಡಗು ಹತ್ತಿದ್ದು ಸೇನೆಯ ಲೆಕ್ಕ, ಕಾರ್ಖಾನೆಯ ಲೆಕ್ಕವಲ್ಲ. ‘ಇಂಡಿಯಾ ಅಂತ ಬರೆದಿಲ್ಲ, ಹಾಗಾದರೆ ನಂಬರೇ ಸುಳ್ಳು’ ಅನ್ನುವ ತೀರ್ಮಾನ ತಪ್ಪು.

ಬಿಎಸ್‌ಎ ಓನರ್ಸ್ ಕ್ಲಬ್ಬಿನಂಥ ಸಂಘಗಳು ಕೊಡುವ ಡೇಟಿಂಗ್ ಸರ್ಟಿಫಿಕೇಟ್ ಬೇರೆ, ಲೆಡ್ಜರಿನ ಪ್ರತಿ ಬೇರೆ. ಮೊದಲನೆಯದು ಬೈಕಿನ ಫೋಟೋ, ನಂಬರಿನ ಪೆನ್ಸಿಲ್ ಪ್ರಿಂಟ್ ನೋಡಿ ‘ಇದು ಇಂಥ ವರ್ಷದ್ದು’ ಎಂದು ಹೇಳುವ ಅಭಿಪ್ರಾಯ. ಬ್ರಿಟನ್ನಿನ ನೋಂದಣಿ ಇಲಾಖೆ ಹಳೆ ಗಾಡಿಗೆ ವಯಸ್ಸಿಗೆ ತಕ್ಕ ನಂಬರು ಕೊಡಲು ಅದನ್ನು ಕೇಳುತ್ತದೆ. ಎರಡನೆಯದು ಪುಸ್ತಕದ ಸಾಲು ಮಾತ್ರ. ನಮ್ಮ ದೇಶದಲ್ಲಿರುವ ಗಾಡಿಗೆ ಒಂದನ್ನೇ ತರಿಸುವುದಾದರೆ ಲೆಡ್ಜರಿನದೇ ಸರಿ, ಅದರಲ್ಲಿ ದಿನವೂ ದಾರಿಯೂ ಸಿಗುತ್ತದೆ.

ಕಾಗದ ಬಂದ ಮೇಲೆ ಜಗಳ ಶುರುವಾಗುವುದು ತಾರೀಕಿನ ಮೇಲೆ. ಲೆಡ್ಜರಿನಲ್ಲಿ 1949ರ ನವೆಂಬರ್, ಮಾರಿದವನು ಹೇಳಿದ್ದು 1950ರ ಮಾಡೆಲು, ಆರ್‌ಸಿಯಲ್ಲಿ 1951. ಮೂರೂ ಸರಿಯಿರಬಹುದು. ಬ್ರಿಟಿಷ್ ಕಾರ್ಖಾನೆಗಳು ಆಗಸ್ಟಿನ ರಜೆ ಮುಗಿಸಿ ಬಂದು ಮುಂದಿನ ವರ್ಷದ ಮಾಡೆಲು ಕಟ್ಟಲು ಶುರುಮಾಡುತ್ತಿದ್ದವು. ಆಮೇಲೆ ಹಡಗಿನ ಪ್ರಯಾಣ, ಬಂದರಿನ ಸುಂಕ, ಡೀಲರ ಅಂಗಡಿಯಲ್ಲಿ ಮಾರಾಟಕ್ಕೆ ಕಾದ ತಿಂಗಳುಗಳು. 1969ರಿಂದ ಬಿಎಸ್‌ಎ, ಟ್ರಯಂಫ್‌ಗಳು ನಂಬರಿನ ಮುಂದೆ ಹಾಕಿದ ಎರಡಕ್ಷರದ ಸಂಕೇತದಲ್ಲೂ ಇದೇ ಮರ್ಮ. ಮೊದಲ ಅಕ್ಷರ ತಿಂಗಳು, ಎರಡನೆಯದು ಮಾಡೆಲ್ ವರ್ಷ: 1969ಕ್ಕೆ ಸಿ, 1970ಕ್ಕೆ ಡಿ, 1971ಕ್ಕೆ ಇ, 1972ಕ್ಕೆ ಜಿ, 1973ಕ್ಕೆ ಎಚ್. ಅಕ್ಟೋಬರಿಗೆ ಎನ್. ಎನ್‌ಡಿ ಎಂದಿದ್ದರೆ ಅದು 1970ರ ಮಾಡೆಲು, ಕಟ್ಟಿದ್ದು ಮಾತ್ರ 1969ರ ಅಕ್ಟೋಬರಿನಲ್ಲಿ.

ಈ ಸೇವೆಯಲ್ಲಿ ‘ದಾಖಲೆ ಸಿಗಲಿಲ್ಲ’ ಎಂಬ ಉತ್ತರ ಬರಲು ದೊಡ್ಡ ಕಾರಣ ಲೆಡ್ಜರಲ್ಲ, ನಾವು ಕಳಿಸುವ ನಂಬರು. ಆರ್‌ಸಿ ನೋಡಿ ನಂಬರು ಬರೆದು ಕಳಿಸುವವರೇ ಜಾಸ್ತಿ. ಆ ಆರ್‌ಸಿ ಪುಸ್ತಕದಿಂದ ಸ್ಮಾರ್ಟ್ ಕಾರ್ಡಿಗೆ ಬರುವ ಹೊತ್ತಿಗೆ ಮೂರು ನಾಲ್ಕು ಕೈ ದಾಟಿರುತ್ತದೆ. ನಂಬರಿನ ಆರಂಭದ ಅಕ್ಷರಗಳು ಬಿದ್ದುಹೋಗಿರುತ್ತವೆ, 3 ಹೋಗಿ 8 ಆಗಿರುತ್ತದೆ, ಡಬ್ಲ್ಯು ಇದ್ದದ್ದು ಎರಡು ವಿ ಆಗಿರುತ್ತದೆ, ಎಂಜಿನ್ ನಂಬರು ಚಾಸಿ ಕಾಲಮ್ಮಿನಲ್ಲಿ ಕೂತಿರುತ್ತದೆ. ಲೋಹದ ಮೇಲಿರುವುದನ್ನೇ ಓದಬೇಕು.

ಬಿಎಸ್‌ಎಯಲ್ಲಿ ಎಂಜಿನ್ ನಂಬರು ಎಡಬದಿಯ ಕ್ರ್ಯಾಂಕ್‌ಕೇಸಿನ ಮೇಲೆ, ಸಿಲಿಂಡರು ಕೂರುವ ಅಂಚಿನ ಕೆಳಗಿರುತ್ತದೆ. ಫ್ರೇಮ್ ನಂಬರು ಮಾಡೆಲಿಗೆ ತಕ್ಕಂತೆ ಹ್ಯಾಂಡಲ್ ಕುತ್ತಿಗೆಯ ಲಗ್ಗಿನ (ಕೊಳವೆಗಳು ಕೂಡುವ ಗಟ್ಟಿ ಭಾಗದ) ಮೇಲೆ ಅಥವಾ ಮುಂದಿನ ಎಂಜಿನ್ ಮೌಂಟಿಂಗ್ ಲಗ್ಗಿನ ಮೇಲೆ. ಎರಡೂ ಕಡೆ ನೋಡಿ. ಏಳೆಂಟು ಕೋಟು ಪೇಂಟಿನ ಕೆಳಗೆ ಅದು ಹೂತುಹೋಗಿರುತ್ತದೆ. ಪೇಂಟ್ ರಿಮೂವರ್ ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟು, ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಪೆಟ್ರೋಲಿನಿಂದ ಒರೆಸಿದರೆ ಸಾಕು. ಗ್ರೈಂಡರು, ವೈರ್ ವೀಲು, ಎಮರಿ ಹಾಳೆ ಹತ್ತಿರ ತರಬೇಡಿ. ನಂಬರು ಹೊಡೆದ ಹಳೆಯ ಪಂಚಿನ ಗುರುತು ಕೂದಲೆಳೆಯಷ್ಟೇ ಆಳ ಉಳಿದಿರುತ್ತದೆ, ಒಮ್ಮೆ ಉಜ್ಜಿಹೋದರೆ ಮುಗಿಯಿತು. ಕ್ರ್ಯಾಂಕ್‌ಕೇಸಿಗೆ ಕಾಸ್ಟಿಕ್ ಸೋಡಾ ಹಾಕುವ ಮೆಕ್ಯಾನಿಕ್ಕುಗಳಿದ್ದಾರೆ. ಅದು ಜಿಡ್ಡಿನ ಜೊತೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ, ನಂಬರಿನ ಅಂಚು ಮಸುಕಾಗುತ್ತದೆ. ಸ್ಯಾಂಡ್‌ಬ್ಲಾಸ್ಟಿಂಗ್, ಪೌಡರ್ ಕೋಟಿಂಗಿಗೆ ಫ್ರೇಮ್ ಕೊಡುವ ಮೊದಲು ಪ್ರಿಂಟ್ ತೆಗೆಯಲೇಬೇಕು, ನಂಬರಿನ ಮೇಲೆ ದಪ್ಪ ಟೇಪು ಹಾಕಿಯೇ ಕೊಡಬೇಕು.

ಪ್ರಿಂಟ್ ತೆಗೆಯುವುದು ಇನ್ಶೂರೆನ್ಸಿಗೆ ಚಾಸಿ ಪ್ರಿಂಟ್ ತೆಗೆದಂತೆಯೇ. ಒಣಗಿದ ನಂಬರಿನ ಮೇಲೆ 2ಬಿ ಪೆನ್ಸಿಲನ್ನು ಮಲಗಿಸಿ ಉಜ್ಜಿ, ಮೇಲೆ ಸೆಲ್ಲೊಟೇಪು ಒತ್ತಿ ಎತ್ತಿ, ಬಿಳಿ ಹಾಳೆಗೆ ಅಂಟಿಸುವುದು. ನಂಬರು ಮಸುಕಾಗಿದ್ದರೆ ಸೀಮೆಸುಣ್ಣದ ಪುಡಿ ಸವರಿ, ಟಾರ್ಚನ್ನು ಎದುರಿನಿಂದಲ್ಲ, ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಓದಲಾಗದ ಅಂಕಿಯನ್ನು ಊಹಿಸಿ ಬರೆಯುವ ಬದಲು ಅಲ್ಲೊಂದು ಪ್ರಶ್ನೆ ಚಿಹ್ನೆ ಹಾಕಿ. ಒಂದೇ ಅಂಕಿ ಅನುಮಾನವಿದ್ದರೆ ಮತ್ತೊಂದು ನಂಬರಿನ ಸಹಾಯದಿಂದ ಸಾಲು ಸಿಗಬಹುದು. ತಪ್ಪು ಊಹೆಯಿಂದ ಬೇರೆ ಯಾರದೋ ಬೈಕಿನ ಜಾತಕ ಬರುತ್ತದೆ.

ನಂಬರಿನ ಆರಂಭದ ಅಕ್ಷರಗಳನ್ನು ಬಿಡದೆ ಬರೆಯಬೇಕು, ವರ್ಷ ಹೇಳುವುದು ಅವೇ. ಬಿಎಸ್‌ಎ ಎಂ20 ಎಂಬ ಮಾಡೆಲಿನಲ್ಲಿ 1937ಕ್ಕೆ ಎಚ್, 1938ಕ್ಕೆ ಜೆ, 1939ಕ್ಕೆ ಕೆ. ಯುದ್ಧದ ಉದ್ದಕ್ಕೂ ಡಬ್ಲ್ಯು, ಅಂದರೆ ಡಬ್ಲ್ಯುಎಂ20. 1946ಕ್ಕೆ ಎಕ್ಸ್, 1947ಕ್ಕೆ ವೈ, 1948ಕ್ಕೆ ಜೆಡ್. ಜೆಡ್ ಕಂಡ ಕೂಡಲೇ 1948 ಎನ್ನುವುದು ಸಾಮಾನ್ಯ ತಪ್ಪು. ಆ ಅಕ್ಷರ ಮುಂದಿನ ವರ್ಷಗಳಲ್ಲೂ ಉಳಿಯಿತು, ಅಲ್ಲಿ ವರ್ಷ ಹೇಳುವುದು ಅಕ್ಷರಗಳ ನಂತರ ಬರುವ ಅಂಕಿಗಳು. ಇನ್ನೊಂದು ಮಾತು: ಆ ಕಾಲದ ಬಿಎಸ್‌ಎಯಲ್ಲಿ ಎಂಜಿನ್ ನಂಬರೂ ಫ್ರೇಮ್ ನಂಬರೂ ಕಾರ್ಖಾನೆಯಿಂದಲೇ ಬೇರೆ ಬೇರೆ. ‘ಮ್ಯಾಚಿಂಗ್ ನಂಬರ್’ ಎಂದು ಜಂಬದಿಂದ ಮಾರುವ ಐವತ್ತರ ದಶಕದ ಬಿಎಸ್‌ಎ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯಿರಿ, ಯಾರೋ ಪಂಚ್ ಹಿಡಿದಿದ್ದಾರೆ. ಎರಡು ನಂಬರೂ ಲೆಡ್ಜರಿನ ಒಂದೇ ಸಾಲಿನಲ್ಲಿ ಇವೆಯೇ ಎಂಬುದೇ ಇಲ್ಲಿ ‘ಮ್ಯಾಚಿಂಗ್’. ಅದನ್ನು ಈ ಸೇವೆ ಬಿಟ್ಟು ಬೇರೆ ದಾರಿಯಲ್ಲಿ ತಿಳಿಯುವುದು ಕಷ್ಟ. ಬರ್ಟನ್ನಿಗೆ ದುಡ್ಡು ಕಳಿಸಲು ಇದೊಂದೇ ಕಾರಣ ಸಾಕು.

ಪಂಚ್ ಹೊಸದೇ ಎಂದು ತಿಳಿಯುವ ಬಗೆ: ನಂಬರಿನ ಸುತ್ತ ಎರಕದ ಒರಟು ಹಾಗೇ ಇರಬೇಕು. ಆ ಜಾಗ ಮಾತ್ರ ನುಣ್ಣಗೆ, ಸ್ವಲ್ಪ ತಗ್ಗಾಗಿ ಇದ್ದರೆ ಅರ ಆಡಿದೆ. ಅಂಚುಗಳು ಚೂಪಾಗಿ ಹೊಳೆಯುತ್ತಿದ್ದರೆ ಇತ್ತೀಚಿನದು. ಅಂಕಿಗಳು ಸ್ವಲ್ಪ ಸೊಟ್ಟಗಿರುವುದು ದೋಷವಲ್ಲ, ಕಾರ್ಖಾನೆಯಲ್ಲೂ ಕೈಯಲ್ಲೇ ಹೊಡೆಯುತ್ತಿದ್ದರು. 1969ರ ಹೊತ್ತಿನಿಂದ ಟ್ರಯಂಫ್ ಎಂಜಿನ್ನಿನ ನಂಬರು ಪಟ್ಟಿಯ ತುಂಬ ಕಂಪನಿಯ ಪುಟ್ಟ ಪುಟ್ಟ ಲಾಂಛನಗಳು ಉಬ್ಬಿಕೊಂಡಿರುತ್ತವೆ. ಅವು ಅಳಿಸಿದ್ದರೆ ಬೇರೆ ಸಾಕ್ಷಿ ಬೇಡ. ಬಿಎಸ್‌ಎಯ ದುಬಾರಿ ಮಾಡೆಲಾದ ಗೋಲ್ಡ್ ಸ್ಟಾರ್ ವಿಷಯದಲ್ಲಂತೂ ಹೆಚ್ಚು ಎಚ್ಚರ ಬೇಕು. ಸಾಧಾರಣ ಬಿ31ಕ್ಕೆ ಗೋಲ್ಡ್ ಸ್ಟಾರ್ ನಂಬರು ಹೊಡೆದರೆ ಬೆಲೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಸ್ವಿಂಗಿಂಗ್ ಆರ್ಮ್ (ಹಿಂಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಇರುವ ಅಸಲಿ ಗೋಲ್ಡ್ ಸ್ಟಾರ್ ಫ್ರೇಮಿನಲ್ಲಿ ಬಲಗಡೆಯ ಕೆಳಕೊಳವೆ ಆಯಿಲ್ ಪಂಪಿಗೆ ಜಾಗ ಬಿಡಲು ಒಂದೆಡೆ ಡೊಂಕಾಗಿರುತ್ತದೆ. ನೇರವಿದ್ದರೆ ನಂಬರು ಏನೇ ಹೇಳಲಿ, ಅದು ಗೋಲ್ಡ್ ಸ್ಟಾರ್ ಫ್ರೇಮಲ್ಲ.

ನಂಬರಿನಾಚೆಗೂ ಗಾಡಿಯ ಮೈಮೇಲೆ ತಾರೀಕುಗಳಿವೆ, ಅವನ್ನು ಬರೆದಿಟ್ಟುಕೊಂಡರೆ ಲೆಡ್ಜರಿನ ಉತ್ತರವನ್ನು ತೂಗಲು ಅನುಕೂಲ. ಲ್ಯೂಕಾಸ್ ಮ್ಯಾಗ್ನೆಟೊ, ಡೈನಮೊಗಳ ಮೇಲೆ ತಿಂಗಳು ಮತ್ತು ವರ್ಷದ ಅಂಕಿ ಹೊಡೆದಿರುತ್ತಾರೆ. ರವಾನೆ ತಾರೀಕಿಗೆ ಕೆಲವು ತಿಂಗಳು ಹಿಂದಿನದಾಗಿದ್ದರೆ ಅದು ಮೂಲದ್ದೇ ಇರಬಹುದು, ಮುಂದಿನದಾಗಿದ್ದರೆ ಬದಲಾಯಿಸಿದ್ದು. ಅಮಾಲ್ ಮೊನೊಬ್ಲಾಕ್ ಕಾರ್ಬ್ಯುರೇಟರು ಐವತ್ತರ ದಶಕದ ನಡುವಿನಿಂದ ಈಚಿನದು, ಕಾನ್ಸೆಂಟ್ರಿಕ್ ಅರವತ್ತರ ದಶಕದ ಕೊನೆಯದು. ಯುದ್ಧಕಾಲದ ಎಂ20ಯಲ್ಲಿ ಇವು ಕಂಡರೆ ಆಮೇಲೆ ಹಾಕಿದ್ದು. ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳ ತಳದಲ್ಲಿ ಒಂದೇ ಜೋಡಿ ನಂಬರಿರಬೇಕು. ಬೇರೆ ಬೇರೆ ಇದ್ದರೆ ಎರಡು ಎಂಜಿನ್ ಸೇರಿಸಿ ಒಂದು ಮಾಡಿದ್ದಾರೆ, ಆಗ ನಂಬರಿರುವ ಎಡ ಹೋಳಿಗೆ ಮಾತ್ರ ಜಾತಕ ಅನ್ವಯ. ಮೆಟ್ರಿಕ್ ಪಾನಾ ಸರಿಯಾಗಿ ಕೂರುವ ಪ್ರತಿ ಬೋಲ್ಟೂ ಇಲ್ಲಿನ ಸೇರ್ಪಡೆ ಎಂದುಕೊಳ್ಳಿ, ಮೂಲದವು ವಿಟ್‌ವರ್ತ್, ಸೈಕಲ್ ಥ್ರೆಡ್ ಜಾತಿಯವು.

ಎಂ20 ಎಂದು ಕೊಂಡದ್ದು ಒಳಗೆ ಎಂ21 ಆಗಿರುವುದು ನಮ್ಮಲ್ಲಿ ಹೊಸದೇನಲ್ಲ. ಎರಡಕ್ಕೂ ಬೋರು 82 ಮಿಮೀ. ಸ್ಟ್ರೋಕು ಎಂ20ಗೆ 94, ಎಂ21ಗೆ 112. ಸೈಡ್ ವಾಲ್ವ್, ಅಂದರೆ ವಾಲ್ವುಗಳು ಹೆಡ್ಡಿನಲ್ಲಿಲ್ಲದೆ ಸಿಲಿಂಡರಿನ ಪಕ್ಕದಲ್ಲಿರುವ ಎಂಜಿನ್ ಆದ್ದರಿಂದ ಹೆಡ್ ಬಿಚ್ಚುವುದು ಅರ್ಧ ಗಂಟೆಯ ಕೆಲಸ. ಪಿಸ್ಟನ್ ಮೇಲಿನ ತುದಿಗೆ ಬಂದಾಗ, ಕೆಳಗಿನ ತುದಿಗೆ ಹೋದಾಗ ವರ್ನಿಯರಿನಿಂದ ಅಳೆದು ಕಳೆದರೆ 496 ಸಿಸಿಯೋ 591 ಸಿಸಿಯೋ ಗೊತ್ತಾಗುತ್ತದೆ. ಟೆಲಿಸ್ಕೋಪಿಕ್ ಫೋರ್ಕ್ ಇದ್ದು ಫ್ರೇಮ್ ನಂಬರು ಡಬ್ಲ್ಯುಎಂ20 ಆಗಿದ್ದರೆ ಮುಂಭಾಗ ಬದಲಾಗಿದೆ. ಯುದ್ಧಕಾಲದ ಎಂ20ಗಳೆಲ್ಲ ಹಳೆ ಬಗೆಯ ಗರ್ಡರ್ ಫೋರ್ಕಿನವೇ.

ಮಿಲಿಟರಿ ಕಥೆಯನ್ನು ಪರೀಕ್ಷಿಸಲು ಬಣ್ಣದ ಪದರಗಳು ಲೆಡ್ಜರಿಗಿಂತ ಚೆನ್ನಾಗಿ ಮಾತಾಡುತ್ತವೆ. ಟ್ಯಾಂಕಿನ ತಳ, ಟೂಲ್ ಬಾಕ್ಸಿನ ಒಳಮೈ, ಮಡ್‌ಗಾರ್ಡ್ ಬ್ರ್ಯಾಕೆಟ್ಟಿನ ಹಿಂಬದಿಯನ್ನು 1000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ನಾಣ್ಯದಗಲ ಮೆಲ್ಲಗೆ ತಿಕ್ಕಿ. ಯುದ್ಧದ ಆರಂಭದ ಕಾಕಿ ಹಸಿರು, 1942ರಿಂದಾಚೆಯ ಕಂದು, 1944ರಿಂದ ಆಲಿವ್ ಡ್ರಾಬ್: ಇವುಗಳಲ್ಲಿ ಆ ಗಾಡಿಯ ಕಾಲಕ್ಕೆ ತಕ್ಕವು ಉಂಗುರ ಉಂಗುರವಾಗಿ ಕಾಣಬೇಕು. ಕಪ್ಪಿನ ಕೆಳಗೆ ನೇರ ಪ್ರೈಮರ್ ಸಿಕ್ಕರೆ ಆ ಭಾಗ ಸೇನೆ ನೋಡಿದ್ದಲ್ಲ, ಅಥವಾ ಯಾರೋ ಪೂರ್ತಿ ಕೆರೆದಿದ್ದಾರೆ. ಟ್ಯಾಂಕಿನ ಪಕ್ಕದಲ್ಲಿ ತಿಕ್ಕುವಾಗ ಸಿ ಅಕ್ಷರದ ನಂಬರು ಇಣುಕಿದರೆ ಅಲ್ಲಿಗೇ ನಿಲ್ಲಿಸಿ ಫೋಟೋ ತೆಗೆಯಿರಿ. ಹಾಗೆಯೇ, ಸೇನೆಯ ವರ್ಕ್‌ಶಾಪುಗಳು ಎಂಜಿನ್ನುಗಳನ್ನು ಒಂದರಿಂದ ಇನ್ನೊಂದಕ್ಕೆ ಹಾಕುತ್ತಿದ್ದವು. ಎಂಜಿನ್ ಒಂದು ಕಂಟ್ರಾಕ್ಟಿನದು, ಫ್ರೇಮ್ ಇನ್ನೊಂದರದು ಎಂದು ಉತ್ತರ ಬಂದರೆ ಅದು ಕಲಬೆರಕೆಯಲ್ಲ, ಸೇವಾ ದಾಖಲೆ.

ಎಲ್ಲ ಬೈಕಿಗೂ ಬರ್ಟನ್ನೇ ಬಾಗಿಲಲ್ಲ. ಎಜೆಎಸ್, ಮ್ಯಾಚ್‌ಲೆಸ್, ನಾರ್ಟನ್, ಇಂಗ್ಲೆಂಡಿನ ರೆಡಿಚ್‌ನಲ್ಲಿ ತಯಾರಾದ ರಾಯಲ್ ಎನ್‌ಫೀಲ್ಡ್‌ಗೆ ಆಯಾ ಓನರ್ಸ್ ಕ್ಲಬ್ಬನ್ನು ಮೊದಲು ಕೇಳಿ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಯಿತು, ಮೊದಮೊದಲು ರೆಡಿಚ್‌ನಿಂದ ಬಂದ ಬಿಡಿಭಾಗ ಜೋಡಿಸುತ್ತಿದ್ದರು. ಆ ಸಂಧಿಕಾಲದ ಬುಲೆಟ್ಟನ್ನು ‘ಇಂಪೋರ್ಟೆಡ್’ ಎನ್ನುವ ಮೊದಲು ಯೋಚಿಸಿ. ಟ್ರಯಂಫಿನ ಕೊವೆಂಟ್ರಿ ಕಾರ್ಖಾನೆ 1940ರ ನವೆಂಬರಿನ ಬಾಂಬ್ ದಾಳಿಯಲ್ಲಿ ನಾಶವಾಯಿತು, ಅದಕ್ಕಿಂತ ಹಿಂದಿನ ಟ್ರಯಂಫಿಗೆ ದೊಡ್ಡ ನಿರೀಕ್ಷೆ ಬೇಡ. ಬಿಎಂಡಬ್ಲ್ಯುವಿಗೆ ಮ್ಯೂನಿಕ್‌ನ ಕಂಪನಿ ಸಂಗ್ರಹಾಲಯವೇ ಉತ್ತರ ಕೊಡುತ್ತದೆ. ಹಾರ್ಲಿ ಡಬ್ಲ್ಯುಎಲ್‌ಎ ಎಂಬ ಯುದ್ಧಕಾಲದ ಅಮೆರಿಕನ್ ಸೇನಾ ಬೈಕು ಇದ್ದವರಿಗೆ ಒಂದು ಸಮಾಧಾನ: ಆ ಕಾಲದ ಹಾರ್ಲಿಗೆ ಫ್ರೇಮ್ ನಂಬರೇ ಇಲ್ಲ, 1970ರವರೆಗೂ ಎಂಜಿನ್ ನಂಬರೇ ಗಾಡಿಯ ನಂಬರು. ಚಾಸಿ ನಂಬರು ಇಲ್ಲವೆಂದು ಹೊಸದಾಗಿ ಹೊಡೆಸಲು ಹೋದರೆ ಅಸಲಿಯನ್ನು ನಕಲಿ ಮಾಡಿದಂತೆ. ಜಾವಾದ ದಾರಿಯೇ ಬೇರೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಗಾಡಿ ಹೊರತರತೊಡಗಿದ್ದು 1961ರಲ್ಲಿ. ಅದಕ್ಕೆ ಹಿಂದಿನವು ಜೆಕೊಸ್ಲೊವಾಕಿಯಾದಿಂದ ಬಂದವು. ನಂಬರಿನಲ್ಲಿ ಬರುವ 353 ಅಂದರೆ 250 ಸಿಸಿ, 354 ಅಂದರೆ 350ರ ಜೋಡಿ ಸಿಲಿಂಡರು.

ಇನ್ನು ಆರ್‌ಟಿಒ. ಬರ್ಟನ್ನಿನ ಕಾಗದ ಕೈಗೆ ಬಂದರೆ ಕಳೆದುಹೋದ ಆರ್‌ಸಿ ಮತ್ತೆ ಹುಟ್ಟುತ್ತದೆ ಎಂದು ನಂಬಿ ದುಡ್ಡು ಕಟ್ಟಬೇಡಿ. ಅದು ಮಾಲೀಕತ್ವದ ಪತ್ರವೂ ಅಲ್ಲ, ಸುಂಕ ಕಟ್ಟಿದ ಪುರಾವೆಯೂ ಅಲ್ಲ. 2021ರ ಜುಲೈನಲ್ಲಿ ಬಂದ ಕೇಂದ್ರದ ವಿಂಟೇಜ್ ವಾಹನ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ದ್ವಿಚಕ್ರ ವಾಹನಕ್ಕೆ ಫಾರಂ 20ರಲ್ಲಿ ಅರ್ಜಿ ಹಾಕಬೇಕು. ಜೊತೆಗೆ ಇನ್ಶೂರೆನ್ಸು, ಆಮದಾದದ್ದಾದರೆ ಬಿಲ್ ಆಫ್ ಎಂಟ್ರಿ ಎಂಬ ಕಸ್ಟಮ್ಸ್ ದಾಖಲೆ, ಇಲ್ಲಿ ಮೊದಲೇ ನೋಂದಾಯಿಸಿದ್ದರೆ ಹಳೆಯ ಆರ್‌ಸಿ. ಹೊಸ ನೋಂದಣಿಗೆ ₹20,000, ಹತ್ತು ವರ್ಷದ ನಂತರ ನವೀಕರಿಸಲು ₹5,000. ಹಳೆಯ ನಂಬರಿದ್ದವರು ಅದನ್ನೇ ಉಳಿಸಿಕೊಳ್ಳಬಹುದು, ಹೊಸದಾಗಿ ಮಾಡಿಸುವವರಿಗೆ ವಿಎ ಅಕ್ಷರದ ಸರಣಿ. ಲೆಡ್ಜರಿನ ಪ್ರತಿ ಇಲ್ಲಿ ಕೆಲಸಕ್ಕೆ ಬರುವುದು ಆರ್‌ಸಿಯಲ್ಲಿ ತಪ್ಪಾದ ನಂಬರನ್ನೋ ವರ್ಷವನ್ನೋ ತಿದ್ದಿಸುವಾಗ, ಪೂರಕ ದಾಖಲೆಯಾಗಿ ಮಾತ್ರ.

ಹಳೆಯ ನೋಂದಣಿ ಹುಡುಕುವವರು ಮರೆಯುವ ಒಂದು ಸಂಗತಿ 1956ರ ನವೆಂಬರ್ 1. ಅದಕ್ಕೂ ಮುಂಚೆ ಮಂಗಳೂರು ಮದ್ರಾಸಿಗೆ, ಧಾರವಾಡ, ಬೆಳಗಾವಿ ಬಾಂಬೆಗೆ, ಕಲಬುರಗಿ, ರಾಯಚೂರು ಹೈದರಾಬಾದಿಗೆ ಸೇರಿದ್ದವು, ಕೊಡಗು ತಾನೇ ಒಂದು ರಾಜ್ಯ. 1950ರಲ್ಲಿ ಹುಬ್ಬಳ್ಳಿಯಲ್ಲೇ ನೋಂದಣಿಯಾದ ಬೈಕಿನ ಮೊದಲ ನಂಬರು ಮೈಸೂರು ರಾಜ್ಯದ ಎಂವೈ ಸರಣಿಯದ್ದಾಗಿರಲು ಸಾಧ್ಯವಿಲ್ಲ. ಹಾಗಿದೆ ಎಂದು ಯಾರಾದರೂ ತೋರಿಸಿದರೆ ಅದು ಮರುನೋಂದಣಿ, ಇಲ್ಲವೇ ಬೇರೆ ಗಾಡಿಯ ಪ್ಲೇಟು.

ಯಾರು ದುಡ್ಡು ಹಾಕಬಹುದು? ಎರಡೂ ನಂಬರು ಪಂಚ್ ಮುಟ್ಟದೆ ಉಳಿದಿರುವ, 1930ರ ದಶಕದ ನಂತರದ ಬಿಎಸ್‌ಎ ಅಥವಾ ಯುದ್ಧಾನಂತರದ ಟ್ರಯಂಫ್ ಇದ್ದವರು ಕಣ್ಣುಮುಚ್ಚಿ ತರಿಸಿ. ಗೋಲ್ಡ್ ಸ್ಟಾರ್ ಕೊಳ್ಳುವವರು ಮುಂಗಡ ಕೊಡುವ ಮೊದಲೇ ತರಿಸಿ, ಶುಲ್ಕವನ್ನು ಮಾರುವವನೂ ಹಂಚಿಕೊಳ್ಳಲಿ. ಫ್ರೇಮ್ ಮಾತ್ರ ಇರುವ ಗುಜರಿ ಪ್ರಾಜೆಕ್ಟಿನವರು, ನಂಬರು ಅರ್ಧ ಅಳಿಸಿದವರು ಮೊದಲು ಕ್ಲಬ್ಬಿಗೆ ಫೋಟೋ ಕಳಿಸಿ ಕೇಳುವುದು ಮೇಲು. ಉತ್ತರ ನಾಳೆ ನಾಡಿದ್ದಿನಲ್ಲಿ ಬರುವ ಕೆಲಸವಲ್ಲ, ಪುಸ್ತಕ ತೆಗೆದು ಸಾಲು ಹುಡುಕುವ ಕೆಲಸ. ಪೇಂಟಿಂಗಿಗೆ ಕೊಡುವ ವಾರ ಅರ್ಜಿ ಹಾಕಿದರೆ ಬಣ್ಣ ತಪ್ಪಾಗಿ ಮುಗಿದ ಮೇಲೆ ಕಾಗದ ಬರುತ್ತದೆ. ಅರ್ಜಿಯ ಜೊತೆ ಕಳಿಸಿದ ಪೆನ್ಸಿಲ್ ಪ್ರಿಂಟಿನ ಇನ್ನೊಂದು ಪ್ರತಿಯನ್ನು, ಲ್ಯೂಕಾಸ್ ತಾರೀಕುಗಳ ಪಟ್ಟಿಯನ್ನು ಆರ್‌ಸಿಯ ಜೊತೆಗೇ ಇಡಿ.